ಮಿಷನ್ ಮಾವನ ಜಡೆ ಕೋಲಾಟ

ಯಾರಾದರೂ ಕೈ ಕಟ್ಟಿಕೊಂಡು ನಿಂತಿದ್ದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕೋಲಾಟ ಕಲಿಸುವ ಹೊತ್ತಿನಲ್ಲಂತೂ ಸುತ್ತ ನಿಂತು ನೋಡುವವರನ್ನು ಸುಮ್ಮನೆ ಬಿಟ್ಟವರೇ ಅಲ್ಲ. ಕಣ್ಣು ಮಂಜಾದ ಮುದುಕಿಯ ಕೈಗೆ ಗೆಜ್ಜೆ ಕೊಟ್ಟು ಅಲ್ಲಾಡಿಸು ಎನ್ನುತ್ತಿದ್ದರು. ಹೊಲದಿಂದ ಬಂದವನು ನೇಗಿಲು ಇಳಿಸುವ ಮೊದಲೇ ಪದದ ಎರಡನೆಯ ಸಾಲು ಅವನ ಪಾಲಿಗೆ ಬರುತ್ತಿತ್ತು. ಒಂದು ಸಂಜೆ ಕಂದಾಯದ ಕೆಲಸಕ್ಕೆ ಬಂದಿದ್ದ ಶೇಕ್‌ದಾರರು ಕೊಡೆ ಊರಿಕೊಂಡು ಆಟ ನೋಡುತ್ತ ನಿಂತರು. ಇವರು ಸೀದಾ ಹೋಗಿ, "ಸ್ವಾಮಿ, ನಿಮ್ ಕೊಡೆ ತುದಿ ಕಬ್ಬಿಣದ್ದಲ್ವಾ? ಆ ಕಲ್ಲಿನ ಮೇಲೆ ಒಸಿ ತಾಳ ಆಕಿ. ನಮ್ ಉಡುಗ್ರು ತಾಳ ಬುಟ್ಟು ಓಡ್ತಾ ಅವ್ರೆ, ಇಡ್ದು ನಿಲ್ಸಿ" ಅಂದರು. ಸುತ್ತಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಶೇಕ್‌ದಾರರು ಆಚೆ ಈಚೆ ನೋಡಿದರು, ಒಂದು ಸಲ ಕುಟ್ಟಿದರು, ಆಮೇಲೆ ನಿಲ್ಲಿಸಲೇ ಇಲ್ಲ. ಮುಂದಿನ ಸಲ ಊರಿಗೆ ಬಂದಾಗ ಕಂದಾಯದ ಮಾತಿಗಿಂತ ಮೊದಲು ಅವರು ಕೇಳಿದ್ದು, "ಇವತ್ತು ಆಟ ಉಂಟಾ?" ಎಂದು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಊರಿನಲ್ಲಿ ಆ ಹೆಸರು ಹಿಡಿದು ಕರೆದವರೂ ಇರಲಿಲ್ಲ. ಬಟ್ಟೆ ಹೊಲಿಯುವ ಮಿಷನ್ನು ನಮ್ಮೂರಿಗೆ ಮೊದಲು ತಂದವರು ಅವರು. ಹಾಗಾಗಿ ದೊಡ್ಡವರಿಗೂ ಚಿಕ್ಕವರಿಗೂ ಅವರು ಮಿಷನ್ ಮಾವ.

ನಮ್ಮೂರು ಭೀಮನಬೀಡಿಗೆ ಹತ್ತಿರದ ಸಣ್ಣ ಹಳ್ಳಿ. ಈಗ ಊರಿನ ಕೋಲಾಟದ ಹುಡುಗರು ಒಂದು ನೆನಪಿನ ಪುಸ್ತಕ ತರುತ್ತಿದ್ದಾರೆ. ಜಡೆ ಕೋಲಾಟವನ್ನು ಊರಿಗೆ ತಂದವರ ಬಗ್ಗೆ ಬರೆದುಕೊಡಿ, ಅವರ ಕೈಯಲ್ಲಿ ಕಲಿತವರು ಉಳಿದಿರುವುದು ನೀವೊಬ್ಬರೇ ಎಂದು ಕೇಳಿದರು. ಬರೆಯುತ್ತೇನೆ, ಆದರೆ ಪೂರ್ತಿ ಬರೆಯುತ್ತೇನೆ ಎಂದೆ. ಅವರ ಬಗ್ಗೆ ಪೂರ್ತಿ ಬರೆಯುವುದೆಂದರೆ ನಾನು ಇನ್ನೊಬ್ಬನ ಹೆಸರು ಕೆಡಿಸಿದ್ದನ್ನೂ ಬರೆಯುವುದು. ಆ ಇನ್ನೊಬ್ಬ ಕೆಳಗಿನ ಕೇರಿಯ ಸಿದ್ದ. ತಪ್ಪು ನನ್ನದು, ಹೊತ್ತವನು ಅವನು, ತಿಳಿದೂ ಕಾದವರು ಮಿಷನ್ ಮಾವ. ಇದು ಮೊದಲೇ ತಿಳಿದಿರಲಿ.

ಅವರು ಪುಣಜನೂರಿನ ಕಡೆಯವರು. ಮಾತಿನಲ್ಲಿ ಅಲ್ಲೊಂದು ಇಲ್ಲೊಂದು ತಮಿಳು ಪದ ಇಣುಕುತ್ತಿತ್ತು. ನಾನು ಗುಂಡ್ಲುಪೇಟೆಯ ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಗಾಡಿಯ ಮೇಲೆ ಮಿಷನ್ನು ಹೇರಿಕೊಂಡು ಬಂದು, ನಮ್ಮ ಮನೆಯ ಜಗಲಿಯಲ್ಲಿ ಒಂದು ಮೂಲೆ ಕೇಳಿದರು. ಅಪ್ಪ ಕೊಟ್ಟರು. ಬಾಡಿಗೆಗೆ ಬದಲು ನಮ್ಮ ಮನೆಯ ಬಟ್ಟೆ ಹೊಲಿದುಕೊಡುವುದೆಂದು ಮಾತಾಯಿತು. ನಿಮ್ಮದು ಯಾವ ಜಾತಿ ಎಂದು ಯಾರೋ ಕೆದಕಿದಾಗ, "ಕತ್ತರಿ ಜಾತಿ ಕಣಣ್ಣ. ತೀರಾ ಅತ್ರ ಬರ್ಬೇಡ" ಎಂದು ನಕ್ಕುಬಿಟ್ಟರು. ಅಪ್ಪನಿಗೂ ನಗು ಬಂದು ಆ ಮಾತು ಅಲ್ಲಿಗೇ ನಿಂತಿತು.

ಒಳ್ಳೆಯ ಕೆಲಸಗಾರ ಎಂದು ಅವರನ್ನು ಹೊಗಳಲಾರೆ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದು ಅಪರೂಪ. ಎಲ್ಲರ ಅಂಗಿಯನ್ನೂ ದೊಗಳೆಯಾಗಿಯೇ ಹೊಲಿಯುತ್ತಿದ್ದರು. ಕೇಳಿದರೆ "ಬೆಳೀತೀಯ ಬುಡು" ಎನ್ನುವರು. ತಲೆ ನೆರೆತ ನಮ್ಮ ದೊಡ್ಡಪ್ಪ ಒಮ್ಮೆ ಅಂಗಿಯ ತೋಳಿನೊಳಗೆ ಕೈ ಕಾಣದೆ ರೇಗಿದಾಗಲೂ ಅದೇ ಉತ್ತರ: "ನಿಮ್ಗೇನಾಗದೆ ಅಣ್ಣಯ್ಯ, ಇನ್ನೂ ಬೆಳೀತೀರ." ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆಯುವುದಕ್ಕೆ ಅವರು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಒಂದು ರವಿಕೆ ಹೊಲಿಯಬಹುದಿತ್ತು. ಬೆಲ್ಲ ಕಂಡರೆ ಮಕ್ಕಳಿಗಿಂತ ಕಡೆ. ದನಿಯಂತೂ ಒಡೆದ ಕೊಳಗದ ದನಿ, ಅದು ಅವರಿಗೂ ಗೊತ್ತಿತ್ತು. ಆದರೂ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದರು. "ನಾನಿಂಗೆ ಆಡ್ತಿರೋವಾಗ ನಿಮ್ಗೇನ್ಲಾ ನಾಚ್ಕೆ?" ಎಂಬುದು ಅದರ ಹಿಂದಿದ್ದ ಉಪಾಯ. ಉಪಾಯ ಫಲಿಸುತ್ತಿತ್ತು.

ಜಡೆ ಕೋಲಾಟವನ್ನು ನೋಡದವರಿಗಾಗಿ ಒಂದು ಮಾತು. ಎತ್ತರದ ಕೊಂಬೆಗೆ ಮರದ ಬಳೆಯೊಂದನ್ನು ಕಟ್ಟಿ, ಅದರಿಂದ ಎಂಟು ಹಗ್ಗ ಇಳಿಬಿಡುತ್ತಾರೆ. ಎಂಟು ಜನ ಎಡಗೈಯಲ್ಲಿ ಒಂದೊಂದು ಹಗ್ಗ, ಬಲಗೈಯಲ್ಲಿ ಕೋಲು ಹಿಡಿಯುತ್ತಾರೆ. ನಾಲ್ವರು ಬಲಕ್ಕೆ, ನಾಲ್ವರು ಎಡಕ್ಕೆ, ಒಬ್ಬರ ಒಳಗಿನಿಂದ ಇನ್ನೊಬ್ಬರ ಹೊರಗಿನಿಂದ ಕುಣಿಯುತ್ತ ಹೋಗುತ್ತಾರೆ. ಎದುರಾದಾಗಲೆಲ್ಲ ಕೋಲಿಗೆ ಕೋಲು ತಾಗಬೇಕು. ಮೇಲೆ ಹಗ್ಗಗಳು ಹೆಣೆದುಕೊಂಡು ಹೆಣ್ಣುಮಗಳ ಜಡೆಯ ಹಾಗೆ ಇಳಿಯುತ್ತ ಬರುತ್ತವೆ. ಅಲ್ಲಿಗೆ ಅರ್ಧ ಆಟ. ಇನ್ನರ್ಧ ಅದನ್ನು ಬಿಡಿಸುವುದು. ಎಲ್ಲರೂ ಬಂದ ದಾರಿಯಲ್ಲೇ ಹಿಂದಕ್ಕೆ ಕುಣಿದು ಹೋಗಬೇಕು. ನಡುವೆ ಒಬ್ಬ ಹಗ್ಗ ಬಿಟ್ಟರೆ ಉಳಿದ ಏಳು ಜನ ಎಷ್ಟು ಜಾಣರಾಗಿದ್ದರೂ ಪ್ರಯೋಜನವಿಲ್ಲ, ಜಡೆ ಕಚ್ಚಿಕೊಳ್ಳುತ್ತದೆ.

ಆ ಹಗ್ಗಗಳನ್ನು ಮಿಷನ್ ಮಾವ ಹೊಲಿದು ಮಿಕ್ಕಿದ ಬಟ್ಟೆ ಚೂರುಗಳಿಂದಲೇ ಮಾಡಿದ್ದರು. ನಮ್ಮಮ್ಮನ ರವಿಕೆಯ ಹಸಿರು, ದೊಡ್ಡಪ್ಪನ ಅಂಗಿಯ ಬಿಳಿ, ಶಾಲೆಯ ಮೇಷ್ಟರ ಕೋಟಿನ ಕಪ್ಪು, ಕೆಳಗಿನ ಕೇರಿಯ ಮಕ್ಕಳ ಚಡ್ಡಿಯ ಖಾಕಿ, ಎಲ್ಲ ಅದರಲ್ಲಿ ಇದ್ದವು.

ಅಪ್ಪನಿಗೆ ಇದೆಲ್ಲ ಹೊತ್ತು ಕಳೆಯುವ ಕೆಲಸವಾಗಿ ಕಂಡಿತ್ತು. ಒಂದು ದಿನ ಜಗಲಿಯಲ್ಲಿ ಕುಳಿತು ಕೇಳಿದರು:

"ಅಲ್ಲಯ್ಯ, ಕೋಲಾಟ ಆಡುದ್ರೆ ರಾಗಿ ಬೆಳೀತದಾ?"

"ಇಲ್ಲ ಅಣ್ಣಯ್ಯ."

"ಮತ್ಯಾಕೆ ಆಡೋದು?"

"ನೀವು ಬೆಳ್ದ ರಾಗಿ ಮೆದೆಗೆ ಬೆಂಕಿ ಬಿತ್ತು ಅಂದ್ಕಳಿ. ಕೊಡ ತಕಂಡು ಯಾರ್ಯಾರು ಓಡ್ಬತ್ತಾರೆ ಅಂತ ಈಗ್ಲೇ ಏಳ್ಬುಡ್ತಿನಿ. ಸಾಯಂಕಾಲ ಸೇರ್ತಾರಲ್ಲ, ಅವ್ರೇ."

ಅಪ್ಪ ಎಲೆ ಅಡಿಕೆಯ ತಟ್ಟೆಯನ್ನು ಅವರ ಕಡೆ ಸರಿಸಿದರು.

ಮೆದೆಗೆ ಬೆಂಕಿ ಬೀಳಲಿಲ್ಲ, ಕೆರೆಯ ಏರಿ ಜಿನುಗಿತು. ಒಂದು ಮಳೆಗಾಲದ ಮಧ್ಯಾಹ್ನ ತೂಬಿನ ಹತ್ತಿರ ಮಣ್ಣು ಕುಸಿಯತೊಡಗಿದಾಗ ಊರೆಲ್ಲ ಓಡಿತು. ಓಡಿದವರು ಏನು ಮಾಡಬೇಕೆಂದು ತಿಳಿಯದೆ ಕೂಗಾಡುತ್ತಿದ್ದರು. ಮಿಷನ್ ಮಾವ ಸಿದ್ದನಿಗೆ ತಮಟೆ ಬಾರಿಸಲು ಹೇಳಿ, ಕೋಲಾಟದವರನ್ನು ಸಾಲಾಗಿ ನಿಲ್ಲಿಸಿ, ಅವರ ನಡುನಡುವೆ ಉಳಿದವರನ್ನು ಸೇರಿಸಿದರು. ತಾಳಕ್ಕೆ ಸರಿಯಾಗಿ ಮಣ್ಣಿನ ಮಂಕರಿಗಳು ಕೈಯಿಂದ ಕೈಗೆ ಹೋದವು. ಏರಿ ನಿಂತಿತು. ಅಂದು ಮೇಲಿನ ಬೀದಿಯ ಕೈಗೂ ಕೆಳಗಿನ ಕೇರಿಯ ಕೈಗೂ ನಡುವೆ ಮಂಕರಿ ಹೋದದ್ದನ್ನು ಯಾರೂ ಗಮನಿಸಲಿಲ್ಲ, ಅವರೊಬ್ಬರನ್ನು ಬಿಟ್ಟು. ಮನೆಗೆ ಬರುವಾಗ ನನ್ನನ್ನು ಕೇಳಿದರು: "ಮಂಕ್ರಿ ಕೈಯಿಂದ ಕೈಗೆ ಓಗ್ಬೋದು, ಕೋಲು ಕೋಲಿಗೆ ತಾಗ್ಬಾರ್ದು. ಇದ್ಯಾವ ಲೆಕ್ಕ ಕಣ್ಲಾ? ನೀನು ಐಸ್ಕೂಲು ಓದಿದ್ದೀಯ, ಏಳು." ನಾನು ಬೇರೆ ಮಾತು ತೆಗೆದೆ.

ಒಂದೇ ಬಾವಿಯ ನೀರಿಗಾಗಿ ಜಗಳವಾಡಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ನಮ್ಮ ತಂಡದಲ್ಲಿದ್ದರು. ಅವರನ್ನೇ ಬೇಕೆಂದು ಎದುರುಬದುರು ನಿಲ್ಲಿಸಿದರು. ಸಿಟ್ಟಿನಲ್ಲಿ ಅವರು ಹೊಡೆದ ಹೊಡೆತಕ್ಕೆ ಕೋಲು ಮುರಿದವು. "ಮುರೀರಿ, ಇನ್ನೊಂದು ಜೊತೆ ಕೆತ್ತಿಸ್ತಿನಿ" ಎಂದರು ಮಾವ. ಎಷ್ಟೋ ಜೊತೆ ಮುರಿದ ಮೇಲೆ ಒಂದು ದಿನ ತಮ್ಮನೇ, "ಅಣ್ಣ, ಒಸಿ ಮೆತ್ತಗೆ ಒಡಿ, ಬೆರಳಿಗೆ ಬೀಳ್ತದೆ" ಅಂದ. ಅದು ಅವರಿಬ್ಬರ ನಡುವೆ ಮತ್ತೆ ಶುರುವಾದ ಮೊದಲ ಮಾತು. ಮನುಷ್ಯನ ಮುಖ ನೋಡದೆ ಅವನ ಕೋಲಿಗೆ ಕೋಲು ತಾಗಿಸಲಾಗುವುದಿಲ್ಲ. ಕಚೇರಿಯಲ್ಲಿ, ಅಂಗಡಿಯಲ್ಲಿ, ದೇವರ ಎದುರಿನಲ್ಲಿ ಕೂಡ ಒಬ್ಬರನ್ನೊಬ್ಬರು ನೋಡದೆ ಕೆಲಸ ಮುಗಿಸಿ ಬರಬಹುದು. ಹಾಡು ಕುಣಿತದಲ್ಲಿ ಅದು ಸಾಧ್ಯವಿಲ್ಲ. ಇಷ್ಟು ವಯಸ್ಸಿನಲ್ಲಿ ನನಗೆ ಖಾತ್ರಿಯಾಗಿ ಗೊತ್ತಿರುವ ಸಂಗತಿಗಳು ಕಡಿಮೆ. ಇದು ಅವುಗಳಲ್ಲಿ ಒಂದು.

ಸಿದ್ದ ನನ್ನ ವಯಸ್ಸಿನವನು. ನಮ್ಮ ಆಟಕ್ಕೆಲ್ಲ ತಮಟೆ ಬಾರಿಸುತ್ತಿದ್ದವನು ಅವನೇ, ಆದರೆ ಸುತ್ತಿನಿಂದ ಆಚೆ ನಿಂತು. ನಮ್ಮ ಎಂಟೂ ಜನರ ಹೆಜ್ಜೆ ಅವನ ತಮಟೆಯಿಂದಲೇ ಹೊರಟದ್ದಾದ್ದರಿಂದ ಯಾರು ಯಾವಾಗ ಎಲ್ಲಿರಬೇಕೆಂದು ಅವನಿಗೆ ಗೊತ್ತಿತ್ತು. ನಾನು ತಡಬಡಾಯಿಸಿದಾಗ ತಮಟೆಯ ಪೆಟ್ಟನ್ನು ಕೊಂಚ ಎಳೆದು ನನ್ನನ್ನು ಉಳಿಸಿದ್ದೂ ಉಂಟು.

ಕನ್ನಡ ನಾಡೆಲ್ಲ ಒಂದು ರಾಜ್ಯವಾದ ವರ್ಷ, ಐವತ್ತಾರರಲ್ಲಿ, ಚಾಮರಾಜನಗರದಲ್ಲಿ ದೊಡ್ಡ ಸಂಭ್ರಮ ಏರ್ಪಾಡಾಯಿತು. ನಮ್ಮ ತಂಡಕ್ಕೂ ಕರೆ ಬಂತು. ಶೇಕ್‌ದಾರರು ಹೇಳಿಸಿದ್ದಿರಬೇಕು. ಗಾಡಿಯಲ್ಲಿ ಗುಂಡ್ಲುಪೇಟೆಗೆ, ಅಲ್ಲಿಂದ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದೆವು. ಬಸ್ಸಿನಲ್ಲೇ ನನ್ನ ಚಿಕ್ಕಪ್ಪನ ಮಗನಿಗೆ ಚಳಿಜ್ವರ ಹಿಡಿಯಿತು. ಮೈದಾನ ಮುಟ್ಟುವ ಹೊತ್ತಿಗೆ ಕಂಬಳಿ ಹೊದ್ದು ನಡುಗುತ್ತಿದ್ದ. ನಾವು ಏಳು ಜನವಾದೆವು.

ಮಿಷನ್ ಮಾವ ಎರಡನೆಯ ಸಲ ಯೋಚಿಸಲಿಲ್ಲ.

"ಸಿದ್ದ, ತಮಟೆ ಇಲ್ಲಿ ಕೊಡು. ನೀನು ಅಗ್ಗ ಇಡ್ಕೊ."

"ಬ್ಯಾಡಿ ಸಾಮಿ. ಆಮೇಲೆ ಊರಲ್ಲಿ ಅನ್ನುಸ್ಕೊಳೋನು ನಾನು."

"ಅನ್ನೋರು ಅನ್ಲಿ, ನಾನಿಲ್ವಾ?"

"ನೀವು ಮೇಗ್ಲ ಬೀದೀಲಿ ಇರ್ತೀರಿ. ನಾನು ಕೆಳುಗ್ಲ ಕೇರೀಲಿ ಇರ್ಬೇಕಲ್ಲ."

ಮಾವ ನನ್ನ ಕಡೆ ತಿರುಗಿದರು. ತಂಡಕ್ಕೆ ನಾನೇ ಮುಂದಾಳು. "ಏಳು ಜನದಲ್ಲೇ ಆಡನ ಮಾವ" ಎಂದೆ. "ಏಳ್ರಲ್ಲಿ ಜಡೆ ಬರಲ್ಲ ಕಣ್ಲಾ. ಆಡೋದಾದ್ರೆ ಇಂಗೆ, ಇಲ್ದಿದ್ರೆ ಬಸ್ ಅತ್ತನ" ಎಂದರು. ಅಷ್ಟು ದೂರ ಬಂದು ಸುಮ್ಮನೆ ಹಿಂದಿರುಗಲು ನನಗೆ ಇಷ್ಟವಿರಲಿಲ್ಲ. ಚಾಮರಾಜನಗರದ ಜನ ಚಪ್ಪಾಳೆ ತಟ್ಟುವುದನ್ನು ಎಷ್ಟೋ ದಿನದಿಂದ ಮನಸ್ಸಿನಲ್ಲೇ ಕೇಳಿಕೊಂಡಿದ್ದೆ. ಸಿದ್ದನೂ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಆಗಲಿ ಎಂದು ತಲೆ ಆಡಿಸಿದೆ. ನಾನು ಒಪ್ಪಿದ್ದರಿಂದಲೇ ಅವನು ಹಗ್ಗ ಹಿಡಿದ. ಇದನ್ನು ಮರೆಯದೆ ಬರೆಯಬೇಕು.

ಮೈದಾನದ ಮೂಲೆಯ ಆಲದ ಕೊಂಬೆಗೆ ಬಳೆ ಕಟ್ಟಿದರು. ಆಟ ಸೊಗಸಾಗಿ ಎದ್ದಿತು. ಮಾವನ ತಮಟೆ ಅವರ ಹಾಡಿನಷ್ಟೇ ಕೆಟ್ಟದಾಗಿತ್ತು, ಆದರೆ ಸಿದ್ದನ ಹೆಜ್ಜೆಯೇ ನಮಗೆಲ್ಲ ತಾಳವಾಯಿತು. ನನಗೂ ಅವನಿಗೂ ಎದುರಾದಾಗಲೆಲ್ಲ ಕೋಲು ಸರಿಯಾಗಿ ತಾಗಿತು. ಜಡೆ ಎದೆಯ ಮಟ್ಟಕ್ಕೆ ಇಳಿದಾಗ ಜನ ಕೂಗಿ ಚಪ್ಪಾಳೆ ತಟ್ಟಿದರು. ನಾವು ತಿರುಗಿದೆವು. ಬಿಡಿಸುವ ಸುತ್ತು ಶುರುವಾಯಿತು.

ಆಗ ನಾನು ಮುಂದಿನ ಸಾಲಿನಲ್ಲಿ ತೆರಕಣಾಂಬಿಯ ಯಜಮಾನರನ್ನು ಕಂಡೆ. ನನಗೆ ಹೆಣ್ಣು ಕೊಡುವ ಮಾತು ನಡೆಸಿದ್ದವರು ಅವರು. ಅವರ ಪಕ್ಕದವನು ಸಿದ್ದನ ಕಡೆ ಬೆರಳು ತೋರಿಸಿ ಕಿವಿಯಲ್ಲಿ ಏನೋ ಹೇಳಿದ. ಯಜಮಾನರು ಹೆಗಲ ಮೇಲಿನ ಟವೆಲನ್ನು ಕೊಡವಿ ಎದ್ದು ನಿಂತರು. ಸಿದ್ದ ಎದುರಿಗೆ ಬಂದ, ಕೋಲು ಚಾಚಿದ. ನಾನು ಕೋಲು ಚಾಚಲಿಲ್ಲ. ಹಗ್ಗ ಬಿಟ್ಟೆ.

ಏನೋ ತಪ್ಪಿದೆಯೆಂದು ಉಳಿದವರಿಗೆ ತಿಳಿಯುವಷ್ಟರಲ್ಲಿ ಮೂರು ನಾಲ್ಕು ಹೆಜ್ಜೆ ಆಗಿಹೋಗಿತ್ತು. ನನ್ನ ಸಡಿಲ ಹಗ್ಗದ ಮೇಲೆ ಏಳು ಹಗ್ಗಗಳು ಅಡ್ಡಾದಿಡ್ಡಿ ಹಾದು ಜಡೆ ಕಚ್ಚಿಕೊಂಡಿತು. ಒಬ್ಬರ ಮೇಲೊಬ್ಬರು ಮುಗ್ಗರಿಸಿದರು. ಜನ ನಗತೊಡಗಿದರು. ನಗು ನನ್ನ ಮೇಲೆ ಬೀಳುವ ಮೊದಲು ನಾನು ಗಟ್ಟಿಯಾಗಿ ಹೇಳಿದೆ: "ಸಿದ್ದ ತಪ್ಪೆಜ್ಜೆ ಆಕ್ಬುಟ್ಟ."

ತಮಟೆ ನಿಂತಿತು. ಮಾವ ನನ್ನ ಖಾಲಿ ಕೈ ನೋಡಿದರು, ಮೇಲಿನ ಜಡೆ ನೋಡಿದರು. ಅದರಲ್ಲಿ ಯಾರ ಎಳೆ ಸಡಿಲವಾಗಿದೆಯೆಂದು ಅದನ್ನು ಹೊಲಿದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 

ತೆರಕಣಾಂಬಿಯವರು ಆ ಸಂಜೆಯೇ ನನಗೆ ಹೇಳಿಕಳಿಸಿದರು: "ಉಡ್ಗ ಅಗ್ಗ ಬುಟ್ಬುಟ್ನಲ್ಲ, ಅಲ್ಲೇ ಗೊತ್ತಾಯ್ತು ಒಳ್ಳೆ ಮನೆತನ ಅಂತ." ಅವರಿಗೆ ನಾನು ಹಗ್ಗ ಬಿಟ್ಟವನು. ನಮ್ಮೂರಿಗೆ ಸಿದ್ದ ಹೆಜ್ಜೆ ತಪ್ಪಿದವನು. ಎರಡು ಕಡೆಯೂ ನನ್ನ ಮರ್ಯಾದೆ ಉಳಿಯಿತು. ಊರು ಮುಟ್ಟುವ ಮೊದಲೇ ಸಿದ್ದನಿಗೆ ತಪ್ಪೆಜ್ಜೆ ಎಂಬ ಅಡ್ಡಹೆಸರು ಅಂಟಿಕೊಂಡಿತ್ತು. "ಅದಕ್ಕೇ ಹೇಳೋದು, ಯಾರ್ಯಾರನ್ನ ಎಲ್ಲೆಲ್ಲಿ ನಿಲ್ಲಿಸ್ಬೇಕೋ ಅಲ್ಲೇ ನಿಲ್ಲಿಸ್ಬೇಕು" ಎಂದು ಹಿರಿಯರು ತಲೆದೂಗಿದರು. ಅವರಿಗೆ ಬೇಕಾಗಿದ್ದ ಸಾಕ್ಷಿಯನ್ನು ನಾನು ಒದಗಿಸಿದ್ದೆ.

ಮಿಷನ್ ಮಾವ ಕಚ್ಚಿಕೊಂಡ ಜಡೆಯನ್ನು ಬಳೆಸಮೇತ ಇಳಿಸಿ ತಂದು, ನಮ್ಮ ಜಗಲಿಯ ತೊಲೆಗೆ, ಮಿಷನ್ನಿನ ನೇರಕ್ಕೆ ನೇತುಹಾಕಿದರು. ನಾನು ಮನೆಯೊಳಗೆ ಹೋಗುವಾಗ ಬರುವಾಗ ಅದು ನನ್ನ ತಲೆಗೆ ತಾಗುತ್ತಿತ್ತು. ಅಪ್ಪ ಹೇಳಿದರು:

"ಅದ್ಯಾಕಯ್ಯ ಅಲ್ಲಿ? ಕತ್ರಿ ನಿನ್ ಕೈಯಾಗೇ ಅದೆ, ಕತ್ತರಿಸಿ ಬಿಸಾಕು."

"ನನ್ ಕತ್ರಿ ಬಟ್ಟೆಗೆ ಅಣ್ಣಯ್ಯ."

"ಕೈಯಾಗೆ ಬಿಡುಸ್ಕೊ ಮತ್ತೆ."

"ಕೈಯಾಗೆ ಬಿಡ್ಸುದ್ರೆ ಅದು ಸಿಕ್ಕು ಬಿಡ್ಸೋದು. ಕೋಲಾಟ ಅಲ್ಲ. ಒಬ್ಬ ಬರ್ಬೇಕು. ಅವ್ನು ಬಂದ್ರೆ ತಾನಾಗೇ ಬುಟ್ಕತದೆ."

ಅವರು ಹೇಳಿದ್ದು ಸಿದ್ದನನ್ನು ಎಂದು ಅಪ್ಪ ತಿಳಿದರು. ಸಿದ್ದ ನಮ್ಮ ಜಗಲಿಯ ಮುಂದೆ ಬಂದು ಕುಣಿಯುವುದೇ? ಜಡೆ ತೆಗೆ, ಇಲ್ಲವೇ ಮಿಷನ್ನು ತೆಗೆ ಎಂದುಬಿಟ್ಟರು. ಮಾವ ಎರಡನ್ನೂ ತೆಗೆದರು. ಮಿಷನ್ನನ್ನು ಸಿದ್ದನ ತಲೆಯ ಮೇಲೆ ಹೊರಿಸಿ, ಜಡೆಯನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ಕೆಳಗಿನ ಕೇರಿಯ ಮೊದಲ ಮನೆಯ ಜಗಲಿಗೆ ಹೋಗಿ ಕುಳಿತರು. ನನ್ನನ್ನು ಅವರು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ನಾನು ಇನ್ನೊಂದು ಸುಳ್ಳು ಹೇಳುತ್ತಿದ್ದೆ, ಅದು ಅವರಿಗೆ ಗೊತ್ತಿತ್ತೆಂದು ಕಾಣುತ್ತದೆ.

ಎರಡು ದಿನದಲ್ಲಿ ಹಿಂದಿರುಗುತ್ತಾನೆ ಎಂದರು ಅಪ್ಪ. ಹಬ್ಬ ಹತ್ತಿರ ಬಂತು, ಮಾವ ಹಿಂದಿರುಗಲಿಲ್ಲ. ಅಮ್ಮ ಒಲೆಯ ಮುಂದಿನಿಂದಲೇ ಮಾತು ಎಸೆದಳು: "ಮರ್ಯಾದೆ ಮರ್ಯಾದೆ ಅಂತೀರಲ್ಲ, ಅದ್ಕೆ ರವಿಕೆ ಒಲಿಯಕ್ಕೆ ಬತ್ತದಾ ಕೇಳಿ." ಮೊದಲು ಬಟ್ಟೆಗಳು ಮಕ್ಕಳ ಕೈಯಲ್ಲಿ ಹೋದವು. ಮಕ್ಕಳು ಅಳತೆ ತಪ್ಪು ಹೇಳಿದರೆಂದು ಹೆಂಗಸರೇ ಹೋದರು. ಹೋದವರು ಅಲ್ಲೇ ಕುಳಿತು ಎಲೆ ಅಡಿಕೆ ಹಾಕಿಕೊಂಡು ಮಾತಾಡಿ ಬರತೊಡಗಿದರು. ಅದುವರೆಗೆ ಮೇಲಿನ ಬೀದಿಯ ಹೆಂಗಸರ ಕಾಲು ಸೋಕದ ಜಾಗ ಅದು. ಅಲ್ಲಿಯೂ ಕೈ ಕಟ್ಟಿ ಕೂರಲು ಮಾವ ಬಿಡಲಿಲ್ಲ. ಒಬ್ಬಳಿಂದ ಬೀಸುವ ಪದ ಹೇಳಿಸುವರು, ಆ ಕೇರಿಯವಳಿಂದ ಅದಕ್ಕೆ ಸೊಲ್ಲು ಕೊಡಿಸುವರು. ಹಬ್ಬದ ಹೊತ್ತಿಗೆ ಅಮ್ಮನಿಗೆ ಗೊತ್ತಿಲ್ಲದಿದ್ದ ನಾಲ್ಕಾರು ಪದ ನಮ್ಮ ಮನೆಯ ಬೀಸುಕಲ್ಲಿನ ಮುಂದೆ ಕೇಳಿಬಂದವು. ಎಲ್ಲಿಂದ ಬಂದವು ಎಂದು ಅಪ್ಪ ಕೇಳಲಿಲ್ಲ.

ತೆರಕಣಾಂಬಿಯ ಹೆಣ್ಣಿನ ಜೊತೆ ನನ್ನ ಮದುವೆ ಗೊತ್ತಾಯಿತು. ಮದುವೆಯ ಅಂಗಿಗೆ ನಾನೂ ಅಲ್ಲಿಗೇ ಹೋಗಬೇಕಾಯಿತು. ಜಗಲಿಯ ತೊಲೆಯಲ್ಲಿ ಜಡೆ ಹಾಗೇ ತೂಗುತ್ತಿತ್ತು. ಮಾವ ಟೇಪು ತೆಗೆದರು.

"ಕೈ ಎತ್ತು."

ಎತ್ತಿದೆ. ಎದೆ, ಭುಜ, ತೋಳು ಅಳೆದರು. ಎಂದಿನಂತೆ ಬೆಳೀತೀಯ ಬುಡು ಎನ್ನಲಿಲ್ಲ.

"ಅಂಗಿ ಯಾವಾಗ ಆಯ್ತದೆ ಮಾವ?"

"ಜಡೆ ಬುಟ್ಕಂಡ ದಿನ."

"ಮದುವೆ ಮುಂದಿನ ವಾರ ಅದೆ."

"ಅಂಗಾದ್ರೆ ಬೇಗ ಬಾ. ಉಳ್ದೋರೆಲ್ಲ ಒಪ್ಪವ್ರೆ. ನಾಳೆ ಸಾಯಂಕಾಲ ಇಲ್ಲೇ, ಉಣ್ಸೆಮರದ ಕೆಳ್ಗೆ. ನಿನ್ ಎಳೆ ನೀನು ಇಡ್ಕಂಡ್ರೆ ಸಾಕು. ಇಲ್ದಿದ್ರೆ ಗುಂಡ್ಲುಪೇಟೆಗೆ ಓಗಿ ಒಲಿಸ್ಕೊ."

ಗುಂಡ್ಲುಪೇಟೆಗೆ ಹೋಗಬಹುದಿತ್ತು. ಹೋಗಲಿಲ್ಲ. ಮಾವ ಕರೆದಲ್ಲಿಗೆ ಅಂಗಿಗಾಗಿ ಹೋದೆನೋ, ಅವರ ಮುಖಕ್ಕಾಗಿ ಹೋದೆನೋ, ಇವತ್ತಿಗೂ ಗೊತ್ತಿಲ್ಲ. ಮರುದಿನ ಹುಣಸೆಮರದ ಕೊಂಬೆಗೆ ಬಳೆ ಕಟ್ಟಿದ್ದರು. ಆ ಏಳು ಜನರೂ ಇದ್ದರು. ಆ ಕೇರಿಯ ಜನ ಸುತ್ತ ನೆರೆದಿದ್ದರು, ನಮ್ಮ ಬೀದಿಯ ಹೆಂಗಸರೂ ಒಂದಿಬ್ಬರು ರವಿಕೆಯ ನೆಪದಲ್ಲಿ ಬಂದಿದ್ದರು. ಮಾವ ಎಲ್ಲರನ್ನೂ ಚಾಮರಾಜನಗರದಲ್ಲಿ ನಿಂತಿದ್ದ ಜಾಗಕ್ಕೇ ನಿಲ್ಲಿಸಿದರು. ನನ್ನ ಸಡಿಲ ಎಳೆಯನ್ನು ಕೈಗೆ ಕೊಟ್ಟರು. ಮೊದಲು ತಪ್ಪು ಹೆಜ್ಜೆಗಳನ್ನು ಒಂದೊಂದಾಗಿ ಹಿಂದಕ್ಕೆ ನಡೆಸಿದರು, ಆಮೇಲೆ ತಮಟೆ ಎತ್ತಿದರು. ಸಿದ್ದ ಎದುರಿಗೆ ಬಂದ. ಈ ಸಲ ನಾನು ಕೋಲು ಚಾಚಿದೆ. ಅವನು ಬಹಳ ಮೆತ್ತಗೆ ತಾಗಿಸಿದ. ನೋಡನೋಡುತ್ತ ಜಡೆ ಮೇಲಕ್ಕೆ ಬಿಚ್ಚಿಕೊಳ್ಳುತ್ತ ಹೋಗಿ, ಎಂಟು ಹಗ್ಗ ಎಂಟು ಕೈಯಲ್ಲಿ ಬಿಡಿಬಿಡಿಯಾಗಿ ನಿಂತವು. ಅಷ್ಟು ಹಗುರವಾದದ್ದನ್ನು ನಾನು ಆಮೇಲೆ ಕಂಡಿಲ್ಲ.

ಅಂಗಿ ಮಡಿಸಿ ಕೊಡುವಾಗ ಮಾವ ನನಗೊಬ್ಬನಿಗೇ ಕೇಳುವಂತೆ ಅಂದರು: "ಕೈ ಬಂತು. ಬಾಯಿ ಯಾವಾಗ ಬತ್ತದ್ಲಾ?"

"ಮದುವೆ ಆಗ್ಲಿ ಮಾವ" ಎಂದೆ.

ಮದುವೆ ಆಯಿತು. ಮಗು ಆಗಲಿ ಅಂದೆ. ಅಪ್ಪ ಇರುವವರೆಗೆ ಬೇಡ ಅಂದೆ. ಕೇಳುವುದನ್ನು ಅವರು ಬಿಡಲಿಲ್ಲ, ಊರಿಗೆ ಹೇಳುವುದನ್ನು ತಾವಾಗಿ ಮಾಡಲೂ ಇಲ್ಲ. ನನ್ನ ಬದಲು ಅವರು ಹೇಳಿದ್ದರೆ ಅದು ಚಾಡಿಯಾಗುತ್ತಿತ್ತು, ನನ್ನ ಬಾಯಲ್ಲಿ ಬಂದರೆ ಮಾತ್ರ ಸಿದ್ದನ ಹೆಸರಿಗೆ ಅಂಟಿದ್ದು ತೊಳೆದುಹೋಗುತ್ತಿತ್ತು. ಅಂದಿನಿಂದ ಕೆಳಗಿನ ಕೇರಿಯವರು ಸುತ್ತಿನೊಳಗೆ ಬಂದರು, ಈಗ ನಮ್ಮೂರ ತಂಡದಲ್ಲಿ ಯಾರು ಯಾವ ಬೀದಿಯವರೆಂದು ಹೊರಗಿನವರಿಗೆ ಹೇಳಲಾಗದು. ಆದರೆ ಸಿದ್ದ ಮಾತ್ರ ಮತ್ತೆ ಹಗ್ಗ ಹಿಡಿಯಲಿಲ್ಲ. ಯಾರಾದರೂ ಕರೆದರೆ, "ನನ್ ಕಾಲು ಸರೀಗಿಲ್ಲ ಅಂತಾರಲ್ಲಪ್ಪ" ಎಂದು ನಗುತ್ತ ತಮಟೆ ಕಾಯಿಸಿಕೊಳ್ಳುತ್ತಿದ್ದ. ಕೊನೆಯವರೆಗೂ ಆಚೆ ನಿಂತೇ ಬಾರಿಸಿದ. ಅವನು ಹೋದ ಮೇಲೂ ಆ ಮನೆಯನ್ನು ತಪ್ಪೆಜ್ಜೆಯವರ ಮನೆ ಎನ್ನುವುದು ನಿಲ್ಲಲಿಲ್ಲ.

ಮಾವ ಮುಪ್ಪಿನಲ್ಲಿ ಮಗಳ ಜೊತೆ ಇರಲು ಚಾಮರಾಜನಗರಕ್ಕೆ ಹೋದರು. ನಾನು ಒಂದು ಅಚ್ಚು ಬೆಲ್ಲ ತೆಗೆದುಕೊಂಡು ನೋಡಲು ಹೋಗಿದ್ದೆ. ಕಣ್ಣು ಹೋಗಿತ್ತು. ದನಿಯಿಂದಲೇ ಗುರುತು ಹಿಡಿದು, "ಬಂತಾ?" ಎಂದರು. ಇಲ್ಲ ಎಂದೆ. ಬೆಲ್ಲ ಮುರಿದು ಅರ್ಧ ನನಗೇ ಕೊಟ್ಟರು. ಆಮೇಲೆ ಅವರನ್ನು ಕಾಣಲಿಲ್ಲ. ಆ ದಿನ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ಅಂಗಾದ್ರೆ ನನ್ ತೆರ ಸಿದ್ದಣ್ಣ ಕಟ್ಟವ್ನೆ ಅನ್ನಿ" ಎಂದಳು. ಹೆಣ್ಣಿಗೆ ಗಂಡಿನ ಕಡೆಯವರು ಕೊಡುತ್ತಿದ್ದ ತೆರವನ್ನು ಅವಳು ಹೇಳಿದ್ದು. ಅವಳು ಹೇಳಿದ್ದು ಸರಿಯಾಗಿತ್ತು. ಆದರೂ ನಾನು ಊರಿಗೆ ಹೇಳಲಿಲ್ಲ.

ಈ ಪುಸ್ತಕದ ಮಾತು ಬಂದ ಮೇಲೆ, ಬರೆಯುವ ಮೊದಲು ಸಿದ್ದನ ಮಗನನ್ನು ಮನೆಗೆ ಕರೆದೆ. ಬೇಗೂರಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಜಗಲಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ. 

"ನಮ್ಮಪ್ಪ ಸಾಯೋವಾಗ್ಲೂ ಅಂದಿದ್ದ, ನಾನು ಎಜ್ಜೆ ತಪ್ಪಿಲ್ಲ ಕಣ್ಲಾ ಅಂತ. ವಯಸ್ಸಾಯ್ತು, ಏನೋ ಅಂತಾನೆ ಅಂದ್ಕಂಡೆ ನಾನು" ಎಂದ. "ನಾನೇ ನಂಬ್ಲಿಲ್ವಲ್ಲ ಯಜಮಾನ್ರೆ."

ತಪ್ಪಾಯಿತು ಎಂದು ಅವನ ಕೈ ಹಿಡಿದೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ಹೇಳಿದ: "ತಪ್ಪೆಜ್ಜೆ ಅಂತ ನೀವು ಏಳಿದ್ದು ಮೈದಾನದಲ್ಲಿ. ಇದ ನಂಗೊಬ್ನಿಗೆ ಜಗಲೀಲಿ ಏಳುದ್ರೆ ಏನ್ ಬಂತು?"

"ಪುಸ್ತಕದಲ್ಲಿ ಬರೀತೀನಿ."

"ಬರೀರಿ. ಪುಸ್ತಕ ಎಲ್ರೂ ಓದಲ್ಲ. ಬಿಡುಗಡೆ ದಿನ ಊರೆಲ್ಲ ಸೇರ್ತದಲ್ಲ, ಅವತ್ತು ನಾನು ಓದ್ತೀನಿ. ನೀವು ನನ್ ಪಕ್ಕ ನಿಂತ್ಕಬೇಕು."

ನಿಲ್ಲುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಅವನಿಗೆ ಓದಲು ಸುಲಭವಾಗಲೆಂದು ಕೊನೆಯ ಸಾಲುಗಳನ್ನು ಬಿಡಿಸಿ ಬರೆಯುತ್ತಿದ್ದೇನೆ. ಚಾಮರಾಜನಗರದ ಮೈದಾನದಲ್ಲಿ ಹೆಜ್ಜೆ ತಪ್ಪಿದವರು ಯಾರೂ ಇಲ್ಲ. ಹಗ್ಗ ಬಿಟ್ಟವನು ನಾನು. ಜಡೆ ಕಚ್ಚಿಕೊಂಡು, ಜನ ನಕ್ಕು, ತಮಟೆ ನಿಂತುಹೋದ ಮೇಲೂ ಸಿದ್ದ ತನ್ನ ಹಗ್ಗವನ್ನು ಹಿಡಿದೇ ನಿಂತಿದ್ದ.